ನೆರೆಯ ದಿನಗಳಲ್ಲಿ ಜಲಶುದ್ಧೀಕರಣ ರಾಸಾಯನಿಕಗಳು: ದಾಸ್ತಾನು ಮತ್ತು ನಿರ್ವಹಣೆ

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ತಿರ್ಲಾಪುರ ಮತ್ತು ಅಂತಹ ಎರೆ ಭೂಮಿಯ ಗ್ರಾಮಗಳಲ್ಲಿ ನೀರಿನ ಸಮಸ್ಯೆಯೆಂದರೆ ಮೊದಲು ನೆನಪಾಗುವುದು ಬರಗಾಲ. ಅಂತರ್ಜಲವು ಬಹುಮಟ್ಟಿಗೆ ಸವಳಾಗಿರುವುದರಿಂದ ಕುಡಿಯಲು ಕೆರೆಯ ನೀರನ್ನೂ, ಕೆರೆ ತುಂಬಿಸಲು ಮಲಪ್ರಭಾ ಕಾಲುವೆಯನ್ನೂ ಅವಲಂಬಿಸುವುದು ಈ ಭಾಗದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆದರೆ ಇದೇ ಸೀಮೆಗೆ ನೆರೆಯ ಮುಖವೂ ಉಂಟು. ಶಿಗ್ಗಾಂವಿ ಭಾಗದಲ್ಲಿ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ದಾಟಿ ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳವೂ, ಅದನ್ನು ಕೂಡುವ ತುಪ್ಪರಿಹಳ್ಳವೂ ವರ್ಷದ ಬಹುಭಾಗ ಸೊರಗಿದ್ದು, ಮೇಲ್ಭಾಗದಲ್ಲಿ ಜೋರು ಮಳೆಯಾದರೆ ಕೆಲವೇ ಗಂಟೆಗಳಲ್ಲಿ ದಡ ಮೀರುತ್ತವೆ. 2009ರ ಅತಿವೃಷ್ಟಿಯಲ್ಲಿಯೂ 2019ರ ಆಗಸ್ಟ್ ತಿಂಗಳ ನೆರೆಯಲ್ಲಿಯೂ ಉತ್ತರ ಕರ್ನಾಟಕ ಕಂಡ ಹಾನಿ ಎಲ್ಲರಿಗೂ ತಿಳಿದದ್ದೇ. 2019ರಲ್ಲಿ ನವಲಗುಂದ ತಾಲ್ಲೂಕಿನ ಹಲವು ಗ್ರಾಮಗಳ ರಸ್ತೆ ಸಂಪರ್ಕವೇ ಕಡಿದುಹೋಗಿತ್ತು.

ಸೇತುವೆಯ ಮೇಲೆ ನೀರು ಹರಿಯುತ್ತಿರುವಷ್ಟು ದಿನ ಹುಬ್ಬಳ್ಳಿಯಿಂದ ಸರಕು ಬರಲಾರದು. ಕೆರೆಗೆ ರಾಡಿ ನೀರು ನುಗ್ಗಿದಾಗ, ಕೊಳವೆಗಳಲ್ಲಿ ಚರಂಡಿಯ ನೀರು ಬೆರೆತಾಗ, ಗ್ರಾಮ ಪಂಚಾಯತಿಯವರು ಬ್ಲೀಚಿಂಗ್ ಪುಡಿ ಮತ್ತು ಆಲಂ ಕೇಳಿಕೊಂಡು ಬರುವುದು ತಾಲ್ಲೂಕಿನ ವ್ಯಾಪಾರಸ್ಥರ ಬಳಿಗೆ. ಆ ಹೊತ್ತಿನಲ್ಲಿ ಸ್ಥಳೀಯ ಗೋದಾಮಿನಲ್ಲಿ ಏನಿದೆಯೋ, ಹೇಗಿದೆಯೋ ಅದರ ಮೇಲೆ ಊರಿನ ಆರೋಗ್ಯ ನಿಂತಿರುತ್ತದೆ. ಹೀಗಿದ್ದರೂ ಮಳೆಗಾಲಕ್ಕೆಂದು ತರಿಸಿದ ಈ ಸರಕನ್ನು ಮಳೆಯಿಂದಲೇ ಕಾಪಾಡಬೇಕೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ನೀರನ್ನು ಶುದ್ಧಗೊಳಿಸುವ ರಾಸಾಯನಿಕಗಳಲ್ಲಿ ಹೆಚ್ಚಿನವಕ್ಕೆ ಗೋದಾಮಿನೊಳಗೆ ನೀರೇ ಮೊದಲ ಶತ್ರು. ಒದ್ದೆಯಾದರೆ ಅವು ಸತ್ವ ಕಳೆದುಕೊಳ್ಳುತ್ತವೆ, ಇಲ್ಲವೆ ಕಾಯುತ್ತವೆ, ಇಲ್ಲವೆ ವಿಷಾನಿಲ ಬಿಡುತ್ತವೆ.

ಬ್ಲೀಚಿಂಗ್ ಪುಡಿಯ ಸತ್ವ

ಈ ಭಾಗದಲ್ಲಿ ಅತಿ ಹೆಚ್ಚು ಮಾರಾಟವಾಗುವ ಜಲಶುದ್ಧೀಕರಣ ವಸ್ತು ಬ್ಲೀಚಿಂಗ್ ಪುಡಿ. ಇದರ ಬೆಲೆ ತೂಕದ ಮೇಲೆ ನಿಂತಿದ್ದರೂ ಇದರ ಉಪಯೋಗ ನಿಂತಿರುವುದು ಅದರಲ್ಲಿ ಉಳಿದಿರುವ ‘ಲಭ್ಯ ಕ್ಲೋರಿನ್’ ಪ್ರಮಾಣದ ಮೇಲೆ. ಕಾರ್ಖಾನೆಯಿಂದ ಹೊಸದಾಗಿ ಬಂದ ಒಳ್ಳೆಯ ಪುಡಿಯಲ್ಲಿ ಇದು ಸುಮಾರು ಶೇ. 33ರಷ್ಟಿರುತ್ತದೆ. ಗಾಳಿ, ಬಿಸಿಲು, ಸೆಕೆ ಮತ್ತು ತೇವ ಈ ನಾಲ್ಕರಿಂದ ಅದು ದಿನೇದಿನೇ ಕುಗ್ಗುತ್ತದೆ. ಚೀಲದ ತೂಕ ಮಾತ್ರ ಕಡಿಮೆಯಾಗುವುದಿಲ್ಲ. ತೇವ ಹೀರಿಕೊಂಡರೆ ಹೆಚ್ಚುವುದೂ ಉಂಟು. ಆದ್ದರಿಂದ ತಕ್ಕಡಿಯು ಇಲ್ಲಿ ವ್ಯಾಪಾರಸ್ಥನಿಗೂ ಗಿರಾಕಿಗೂ ಏನನ್ನೂ ಹೇಳದು.

ಒಂದು ಲೆಕ್ಕ ನೋಡಬಹುದು. ಗ್ರಾಮವೊಂದರ ಮೇಲ್ಮಟ್ಟದ ಜಲಸಂಗ್ರಹಾಗಾರ 50,000 ಲೀಟರ್ ಸಾಮರ್ಥ್ಯದ್ದೆಂದಿಟ್ಟುಕೊಂಡು, ನೆರೆಯ ನಂತರ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಹಾಕಬೇಕೆಂದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು. ಶೇ. 33ರ ಪುಡಿಯಾದರೆ ಸುಮಾರು 300 ಗ್ರಾಂ ಸಾಕು. ಶೇ. 20ಕ್ಕೆ ಇಳಿದ ಪುಡಿಯಾದರೆ 500 ಗ್ರಾಂ, ಶೇ. 10ಕ್ಕೆ ಇಳಿದದ್ದಾದರೆ ಪೂರ್ಣ 1 ಕಿಲೋಗ್ರಾಂ ಬೇಕಾಗುತ್ತದೆ. ನೀರಗಂಟಿಯು ಎಂದಿನ ಅಳತೆಯ ಡಬ್ಬಿಯಲ್ಲಿ 300 ಗ್ರಾಮನ್ನೇ ಹಾಕಿದನೆನ್ನೋಣ. ಸತ್ವಹೀನ ಪುಡಿಯಿಂದ ನೀರಿಗೆ ಸೇರುವುದು ಲೀಟರಿಗೆ 0.6 ಮಿಲಿಗ್ರಾಂ ಮಾತ್ರ. ನೆರೆಯ ರಾಡಿ ಮತ್ತು ಕೊಳೆ ಅಷ್ಟನ್ನು ಕ್ಷಣದಲ್ಲಿ ನುಂಗಿಬಿಡುತ್ತವೆ; ನಲ್ಲಿಯ ತುದಿಯಲ್ಲಿ ಏನೂ ಉಳಿಯುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರತಕ್ಕದ್ದು. ವೈರಾಣುಗಳಿಂದ ರಕ್ಷಣೆ ಬೇಕಾದ ಸಂದರ್ಭದಲ್ಲಿ 0.5 ಮಿಲಿಗ್ರಾಂ.

2022ರಲ್ಲಿ ರಾಯಚೂರು ನಗರದಲ್ಲಿಯೂ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿ, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆ ಪ್ರಕರಣಗಳಿಗೆ ರಾಸಾಯನಿಕದ ವ್ಯಾಪಾರಸ್ಥರು ಕಾರಣರಲ್ಲ. ಆದರೆ ನೀರಿನ ಶುದ್ಧೀಕರಣದಲ್ಲಿ ಒಂದು ಕೊಂಡಿ ಕಳಚಿದರೆ ಎಂತಹ ಪರಿಣಾಮವಾದೀತೆಂಬುದನ್ನು ಅವು ತೋರಿಸಿವೆ. ಗೋದಾಮಿಗೆ ಬೆಂಕಿ ಬಿದ್ದರೆ ಊರೆಲ್ಲ ಓಡಿಬರುತ್ತದೆ. ಚೀಲದಲ್ಲಿಯೇ ಸತ್ತುಹೋದ ಬ್ಲೀಚಿಂಗ್ ಪುಡಿ ಯಾರ ಕಣ್ಣಿಗೂ ಬೀಳದೆ ನಲ್ಲಿಯವರೆಗೂ ಹೋಗುತ್ತದೆ. ಈ ಕಾರಣದಿಂದ ಎರಡನೆಯದನ್ನೇ ಹೆಚ್ಚಿನ ಅಪಾಯವೆಂದು ಎಣಿಸುವುದು ಯುಕ್ತ.

ಖರೀದಿಯಲ್ಲಿಯೇ ಎಚ್ಚರಿಕೆ ಆರಂಭವಾಗಬೇಕು. ಬ್ಲೀಚಿಂಗ್ ಪುಡಿಗೆ ಐಎಸ್ 1065 ಮಾನಕವಿದೆ. ಚೀಲದ ಮೇಲೆ ಆ ಗುರುತು, ತಯಾರಿಕೆಯ ತಿಂಗಳು, ಬ್ಯಾಚ್ ಸಂಖ್ಯೆ ಇವು ಇಲ್ಲದ ಮಾಲನ್ನು ಎಷ್ಟೇ ಅಗ್ಗವಾದರೂ ಕುಡಿಯುವ ನೀರಿಗೆಂದು ಕೊಳ್ಳಬಾರದು. ಒಮ್ಮೆಗೇ ವರ್ಷದ ಮಾಲು ತುಂಬುವುದಕ್ಕಿಂತ ಮೇ ಕೊನೆಯಲ್ಲಿ ಒಂದು ಕಂತು, ಆಗಸ್ಟ್ ಮೊದಲಲ್ಲಿ ಇನ್ನೊಂದು ಕಂತು ತರಿಸುವುದು ಲೇಸು. ಮೊದಲು ಬಂದದ್ದು ಮೊದಲು ಹೋಗುವಂತೆ ಚೀಲದ ಮೇಲೆ ಬಂದ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆದಿಡುವುದಕ್ಕೆ ಖರ್ಚೇನೂ ಇಲ್ಲ.

ಸತ್ವವನ್ನು ನಿಖರವಾಗಿ ತಿಳಿಯಲು ಪ್ರಯೋಗಾಲಯವೇ ಬೇಕು. ಆದರೂ ವ್ಯಾಪಾರಸ್ಥನು ತನ್ನ ಮಟ್ಟಿಗೆ ಅಂದಾಜು ಮಾಡಿಕೊಳ್ಳಬಹುದು. 10 ಗ್ರಾಂ ಪುಡಿಯನ್ನು 10 ಲೀಟರ್ ಶುದ್ಧ ನೀರಿನಲ್ಲಿ ಚೆನ್ನಾಗಿ ಕಲಕಿ, ಸುಣ್ಣ ಕೆಳಗೆ ನಿಂತ ಮೇಲೆ ಮೇಲಿನ ತಿಳಿಯಿಂದ ಔಷಧ ಅಂಗಡಿಯ ಸಿರಿಂಜಿನಲ್ಲಿ 5 ಮಿಲಿಲೀಟರ್ ತೆಗೆದು 1 ಲೀಟರ್ ಆರ್.ಓ. ನೀರಿಗೆ ಬೆರೆಸಬೇಕು. ಪಂಚಾಯತಿಗಳಲ್ಲಿರುವ ನೀರು ಪರೀಕ್ಷಾ ಕಿಟ್‌ನಿಂದ ಇದರ ಉಳಿಕೆ ಕ್ಲೋರಿನ್ ನೋಡಿದರೆ ಶೇ. 33ರ ಪುಡಿಗೆ 1.6 ಮಿಲಿಗ್ರಾಂ ಆಸುಪಾಸು ಬರುತ್ತದೆ. 1ರ ಹತ್ತಿರ ಬಂದರೆ ಸತ್ವ ಶೇ. 20ಕ್ಕೆ ಇಳಿದಿದೆಯೆಂದೂ, 0.5 ಬಂದರೆ ಶೇ. 10 ಮಾತ್ರ ಉಳಿದಿದೆಯೆಂದೂ ತಿಳಿಯಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೀಗೆ ಪರೀಕ್ಷಿಸಿ, ಕಂಡ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದುಕೊಡುವ ವ್ಯಾಪಾರಸ್ಥನಿಗೆ ಪಂಚಾಯತಿಗಳ ವಿಶ್ವಾಸ ತಾನಾಗಿ ಒದಗುತ್ತದೆ.

ಮಳಿಗೆಯಲ್ಲಿ ಕ್ಲೋರಿನ್ ಘಾಟು ಬರುತ್ತಿದ್ದರೆ ಮಾಲು ಖಡಕ್ಕಾಗಿದೆ ಎಂದು ಹೆಮ್ಮೆಪಡುವವರುಂಟು. ವಾಸ್ತವದಲ್ಲಿ ಅದು ಸತ್ವ ಹೊರಗೆ ಹೋಗುತ್ತಿರುವ ವಾಸನೆ. ಅಂತಹ ಮಳಿಗೆಯ ಕಬ್ಬಿಣದ ಶಟರ್ ಮತ್ತು ತಕ್ಕಡಿ ಬೇಗನೆ ತುಕ್ಕು ಹಿಡಿಯುವುದನ್ನೂ ಅನೇಕರು ಕಂಡಿರಬಹುದು.

ಒಂದೇ ಸೂರಿನಡಿ ಏನೇನು ಇದೆ?

ತಾಲ್ಲೂಕು ಸ್ಥಳಗಳಲ್ಲಿ ಬ್ಲೀಚಿಂಗ್ ಪುಡಿಗೆಂದೇ ಪ್ರತ್ಯೇಕ ಗೋದಾಮು ಇರುವುದು ಅಪರೂಪ. ಸಾಮಾನ್ಯವಾಗಿ ಕೃಷಿ ಪರಿಕರಗಳ ಅಂಗಡಿಯವರೋ ಕಿರಾಣಿ ಸಗಟು ವ್ಯಾಪಾರಸ್ಥರೋ ಅದನ್ನು ಇಟ್ಟಿರುತ್ತಾರೆ. ಮುಂಭಾಗದಲ್ಲಿ ಬೀಜ ಮತ್ತು ಕೀಟನಾಶಕ, ಹಿಂಭಾಗದಲ್ಲಿ ಯೂರಿಯಾ ಹಾಗೂ ಡಿಎಪಿ ಚೀಲಗಳು, ಮೂಲೆಯಲ್ಲಿ ಡೀಸೆಲ್ ಮತ್ತು ಇಂಜಿನ್ ಆಯಿಲ್ ಡಬ್ಬಿಗಳು, ಕಪಾಟಿನಲ್ಲಿ ಶೌಚಾಲಯ ತೊಳೆಯುವ ಆಸಿಡ್. ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ಇವುಗಳ ನಡುವೆಯೇ ಹೆಸರುಕಾಳಿನ ಚೀಲಗಳು. ಬಿಸಿಲಿನ ದಿನಗಳಲ್ಲಿ ಈ ಸಹವಾಸದಿಂದ ಏನೂ ಆಗದಿರಬಹುದು. ನೀರು ನುಗ್ಗಿ ಚೀಲಗಳು ಕುಸಿದು ಎಲ್ಲವೂ ಒಂದಾದಾಗ ಪರಿಸ್ಥಿತಿ ಬೇರೆ.

ಬ್ಲೀಚಿಂಗ್ ಪುಡಿಗೆ ಯಾವುದೇ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಶೌಚಾಲಯದ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲವೇ ಆದ್ದರಿಂದ ಇವೆರಡನ್ನೂ ಒಂದೇ ಕೋಣೆಯಲ್ಲಿ ಇಡುವುದು ಸಲ್ಲದು. ಆಲಂ ಕೂಡ ನೀರಿನಲ್ಲಿ ಕರಗಿದಾಗ ಆಮ್ಲಗುಣ ತೋರುತ್ತದೆಂಬುದು ಹಲವರಿಗೆ ತಿಳಿದಿಲ್ಲ. ಎರಡೂ ನೀರಿನ ಔಷಧಗಳೇ ಅಲ್ಲವೇ ಎಂದು ಆಲಂ ಗಟ್ಟಿಗಳನ್ನೂ ಬ್ಲೀಚಿಂಗ್ ಚೀಲಗಳನ್ನೂ ಒಂದರ ಪಕ್ಕ ಒಂದು ಒಟ್ಟುವುದು ಪಂಚಾಯತಿಯ ಪಂಪ್‌ಹೌಸ್‌ಗಳಲ್ಲಿ ಸಹಜವಾಗಿ ಆಗುವ ತಪ್ಪು. ನೆಲದ ಮೇಲೆ ನಿಂತ ನೀರಿನಲ್ಲಿ ಎರಡೂ ಕರಗಿ ಬೆರೆತರೆ ಅಲ್ಲಿಯೂ ಕ್ಲೋರಿನ್ ಏಳುತ್ತದೆ. ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಎಂಬ ದ್ರವವನ್ನು ಬಳಸುವ ಘಟಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅದರ ಟ್ಯಾಂಕರನ್ನು ತಪ್ಪಾಗಿ ಹೈಪೋಕ್ಲೋರೈಟ್ ತೊಟ್ಟಿಗೆ ಇಳಿಸುವುದು ಜಲಶುದ್ಧೀಕರಣ ಉದ್ಯಮದಲ್ಲಿ ಜಗತ್ತಿನಾದ್ಯಂತ ಮರುಕಳಿಸುತ್ತಿರುವ ಅಪಘಾತ. ತೊಟ್ಟಿಗಳ ಮೇಲೆ ಹೆಸರನ್ನು ಕನ್ನಡದಲ್ಲಿ, ಒಂದು ಅಡಿ ಎತ್ತರದ ಅಕ್ಷರಗಳಲ್ಲಿ ಬರೆಯಿಸುವುದೂ, ಎರಡರ ಜೋಡಣೆಗೆ ಬೇರೆಬೇರೆ ಅಳತೆಯ ನಳಿಕೆಗಳನ್ನು ಹಾಕಿಸುವುದೂ ಇದಕ್ಕೆ ಸರಳ ಪರಿಹಾರ.

ಗೊಬ್ಬರಗಳ ವಿಷಯ ಇನ್ನೂ ಗಂಭೀರವಾದದ್ದು. ಡಿಎಪಿ, ಅಮೋನಿಯಂ ಸಲ್ಫೇಟ್, ಯೂರಿಯಾ ಮುಂತಾದ ಸಾರಜನಕ ಗೊಬ್ಬರಗಳು ತೇವದಲ್ಲಿ ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಕ್ಲೋರಮೈನ್ ಎಂಬ ಘಾಟಿನ ವಿಷಾನಿಲಗಳು ಉಂಟಾಗುತ್ತವೆ. ಸಂದರ್ಭ ಕೂಡಿಬಂದರೆ ಸ್ಫೋಟಕ ಸ್ವಭಾವದ ನೈಟ್ರೋಜನ್ ಟ್ರೈಕ್ಲೋರೈಡ್ ಕೂಡ ಉಂಟಾಗಬಹುದು. ಎಣ್ಣೆ, ಡೀಸೆಲ್, ಹತ್ತಿ, ಗೋಣಿತಾಟು, ಕಟ್ಟಿಗೆಯ ಹೊಟ್ಟು ಇವು ತಗುಲಿದರೆ ಪುಡಿ ಕಾದು ಬೆಂಕಿ ಹೊತ್ತಲು ಸಾಧ್ಯ. ಶೇ. 65ರಷ್ಟು ಲಭ್ಯ ಕ್ಲೋರಿನ್ ಇರುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್‌ನಲ್ಲಿ ಈ ಅಪಾಯ ಮತ್ತೂ ಹೆಚ್ಚು. ಚೆಲ್ಲಿದ ಪುಡಿಯನ್ನು ಕಟ್ಟಿಗೆ ಹೊಟ್ಟಿನಿಂದ ಗುಡಿಸಬಾರದು. ಎಣ್ಣೆ ಅಳೆದ ಡಬ್ಬಿಯಿಂದ ಪುಡಿಯನ್ನು ತೆಗೆಯಬಾರದು. ಹತ್ತಿ ಮತ್ತು ಮೆಣಸಿನಕಾಯಿಯ ವ್ಯಾಪಾರವುಳ್ಳವರು ಇನ್ನೊಂದನ್ನು ಗಮನಿಸಬೇಕು: ಬೆಂಕಿ ಬೀಳದಿದ್ದರೂ ಕ್ಲೋರಿನ್ ಘಾಟು ಹಿಡಿದ ಮೆಣಸಿನಕಾಯಿಯ ಬಣ್ಣ ಕೆಡುತ್ತದೆ, ಕಾಳುಕಡಿಗೆ ವಾಸನೆ ಹತ್ತುತ್ತದೆ. ಅಂತಹ ಮಾಲು ಮಾರುಕಟ್ಟೆಯಲ್ಲಿ ನಿಲ್ಲದು.

ಆದುದರಿಂದ ಬ್ಲೀಚಿಂಗ್ ಪುಡಿಗೆ ಬೇರೆ ಗೋದಾಮು ಕಟ್ಟಿಸುವ ಶಕ್ತಿ ಇಲ್ಲದವರು ಕನಿಷ್ಠ ಒಂದು ಪ್ರತ್ಯೇಕ ಕೋಣೆಯನ್ನಾದರೂ ಮೀಸಲಿಡಬೇಕು. ಅದರ ನೆಲವು 2009 ಮತ್ತು 2019ರಲ್ಲಿ ಆ ಸ್ಥಳದಲ್ಲಿ ನೀರು ನಿಂತ ಗುರುತಿಗಿಂತ ಎತ್ತರದಲ್ಲಿರಬೇಕು. ಹಿರಿಯರನ್ನು ಕೇಳಿದರೆ ಗೋಡೆಯ ಮೇಲೆ ಆ ಗುರುತನ್ನು ಬೆರಳಿಟ್ಟು ತೋರಿಸುತ್ತಾರೆ. ಎತ್ತರಿಸುವುದು ಆಗದಿದ್ದರೆ ಗಟ್ಟಿಯಾದ ಪ್ಲಾಸ್ಟಿಕ್ ಮಣೆಗಳ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು, ಮೂರು–ನಾಲ್ಕು ಚೀಲಗಳಿಗಿಂತ ಎತ್ತರವಾಗದಂತೆ ಒಟ್ಟಬೇಕು. ಗಾಳಿಕಿಂಡಿಗಳು ಮೇಲೊಂದು ಕೆಳಗೊಂದು ಇರಲಿ. ಕ್ಲೋರಿನ್ ಗಾಳಿಗಿಂತ ಭಾರವಾದ್ದರಿಂದ ಮೇಲಿನ ಕಿಂಡಿಯೊಂದರಿಂದಲೇ ಹೊರಹೋಗದು. ತಗಡಿನ ಮಾಡಿಗೆ ಮೇ ತಿಂಗಳಲ್ಲಿಯೇ ತೂತು ಮುಚ್ಚಿಸಬೇಕು. ತಗಡಿನ ಕೆಳಗಿನ ಏಪ್ರಿಲ್–ಮೇ ಸೆಕೆಯೇ ಮಳೆಗಿಂತ ಮುಂಚೆ ಪುಡಿಯ ಸತ್ವವನ್ನು ತಿನ್ನತೊಡಗುತ್ತದೆಂಬುದರಿಂದ ಸಾಧ್ಯವಿದ್ದವರು ಆರ್‌ಸಿಸಿ ಮಾಡಿನ ಕೋಣೆಯನ್ನೇ ಆರಿಸಿಕೊಳ್ಳುವುದು ಉಚಿತ.

ಲೂಸಿಯಾನದ ಒಂದು ಪ್ರಸಂಗ

ಇಷ್ಟೆಲ್ಲ ಎಚ್ಚರಿಕೆ ಅತಿಯಾಯಿತೆಂದು ತೋರುವವರಿಗೆ ಅಮೆರಿಕದ ಲೂಸಿಯಾನ ರಾಜ್ಯದ ವೆಸ್ಟ್‌ಲೇಕ್ ಪಟ್ಟಣದ ಪ್ರಸಂಗ ಬೋಧಪ್ರದವಾಗಿದೆ. ಅಲ್ಲಿನ ಬಯೋ-ಲ್ಯಾಬ್ ಕಾರ್ಖಾನೆಯಲ್ಲಿ ಟ್ರೈಕ್ಲೋರೋಐಸೋಸಯನುರಿಕ್ ಆಮ್ಲ, ಅಂದರೆ ರೂಢಿಯಲ್ಲಿ ಟಿಸಿಸಿಎ ಎಂದು ಕರೆಯುವ ಕ್ಲೋರಿನ್ ವಸ್ತುವಿನ ದೊಡ್ಡ ದಾಸ್ತಾನಿತ್ತು. 2020ರ ಆಗಸ್ಟ್ 27ರಂದು ಲಾರಾ ಚಂಡಮಾರುತ ಕಾರ್ಖಾನೆಯ ಕಟ್ಟಡಗಳನ್ನು ಹಾನಿಗೊಳಿಸಿತು. ಒಳನುಗ್ಗಿದ ಮಳೆಯ ನೀರು ದಾಸ್ತಾನಿಗೆ ತಗುಲಿ, ವಸ್ತು ಕಾದು ವಿಘಟನೆಗೊಂಡು, ಬೆಂಕಿ ಎದ್ದು, ಕ್ಲೋರಿನ್‌ಭರಿತ ಹೊಗೆ ಸುತ್ತಲೂ ಹರಡಿತು. ಪಕ್ಕದ ಹೆದ್ದಾರಿಯನ್ನು ಒಂದು ದಿನಕ್ಕೂ ಮೀರಿ ಮುಚ್ಚಬೇಕಾಯಿತು. ಚಂಡಮಾರುತ ಬರುವುದು ಮುಂಚಿತವಾಗಿಯೇ ತಿಳಿದಿತ್ತು. ಕಾರ್ಮಿಕರನ್ನು ಹೊರಗೆ ಕಳಿಸಿಯೂ ಆಗಿತ್ತು. ಆದರೂ ಬಹಳಷ್ಟು ಸರಕು ಅಲ್ಲಿಯೇ ಉಳಿದಿತ್ತು.

ಅದೇ ಸಂಸ್ಥೆಯ ಜಾರ್ಜಿಯಾ ರಾಜ್ಯದ ಕಾನ್ಯರ್ಸ್ ಘಟಕದಲ್ಲಿ 2024ರ ಸೆಪ್ಟೆಂಬರ್ 29ರಂದು ಮತ್ತೆ ಬೆಂಕಿ ಬಿದ್ದು, ರಾಸಾಯನಿಕಗಳು ನೀರಿನೊಡನೆ ವರ್ತಿಸಿ, ಸುಮಾರು 17,000 ಜನರನ್ನು ಸ್ಥಳಾಂತರಿಸಬೇಕಾಯಿತು. ಸುಮಾರು 90,000 ಜನರಿಗೆ ಮನೆಯೊಳಗೆ ಬಾಗಿಲು ಮುಚ್ಚಿಕೊಂಡು ಇರುವಂತೆ ಸೂಚಿಸಲಾಯಿತು.

ಟಿಸಿಸಿಎ ಈಗ ನಮ್ಮ ಪೇಟೆಗಳಲ್ಲಿಯೂ ಈಜುಕೊಳದ ಗುಳಿಗೆಯ ರೂಪದಲ್ಲಿಯೂ, ಕೂಲಿಂಗ್ ಟವರ್‌ಗಳಿಗೆ ಬಳಸುವ ವಸ್ತುವಾಗಿಯೂ ಸಿಗುತ್ತದೆ. ಇದರ ವಿಶೇಷವೆಂದರೆ ಸ್ವಲ್ಪ ನೀರು ಬಹಳ ನೀರಿಗಿಂತ ಹೆಚ್ಚು ಅಪಾಯಕಾರಿ. ಹೇರಳ ನೀರಿನಲ್ಲಿ ಅದು ಕರಗಿ ತಣ್ಣಗಾಗುತ್ತದೆ. ಅರೆಬರೆ ತೇವದಲ್ಲಿ ಒಳಗೊಳಗೇ ಕಾಯುತ್ತದೆ. ಇದನ್ನು ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಬೆರೆಸಬಾರದು. ಎರಡೂ ಕ್ಲೋರಿನ್ ವಸ್ತುಗಳೆಂಬ ಕಾರಣಕ್ಕೆ ಒಂದೇ ಡಬ್ಬಿಯಲ್ಲಿ ಹಾಕಿದರೆ ತೀವ್ರ ವರ್ತನೆಯಾಗಿ ಸಿಡಿಯುವ ಸಂಭವವಿದೆ. ಮನೆಮನೆಗೆ ಹಂಚುವ ಕ್ಲೋರಿನ್ ಮಾತ್ರೆಗಳಲ್ಲಿ ಹೆಚ್ಚಿನವು ಸೋಡಿಯಂ ಡೈಕ್ಲೋರೋಐಸೋಸಯನುರೇಟ್‌ನಿಂದ ಆದವು. ಅವು ಪಟ್ಟಿಯಲ್ಲಿ ಸೀಲಾಗಿರುವವರೆಗೆ ಹಲವು ವರ್ಷ ಕೆಡುವುದಿಲ್ಲ. ನೆರೆಯ ತುರ್ತಿಗೆ ಕಾಯ್ದಿರಿಸಲು ಬ್ಲೀಚಿಂಗ್ ಪುಡಿಗಿಂತ ಇವು ಮೇಲು.

ಹೈಪೋಕ್ಲೋರೈಟ್ ದ್ರಾವಣ

ಕ್ಯಾನ್ ನೀರಿನ ಘಟಕಗಳವರೂ ಆಸ್ಪತ್ರೆಗಳವರೂ ಹೆಚ್ಚಾಗಿ ಕೊಳ್ಳುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಶೇ. 10ರಿಂದ 12ರ ಬಲದಲ್ಲಿ ಬರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇದು ಕೆಡುವ ವೇಗ ಮೂರು–ನಾಲ್ಕು ಪಟ್ಟಾಗುತ್ತದೆ. ಬಲ ಹೆಚ್ಚಿದ್ದಷ್ಟೂ ಬೇಗ ಕೆಡುತ್ತದೆ. ಬಂದ ಕೂಡಲೇ ಸಮಪ್ರಮಾಣದ ಶುದ್ಧ ಮೃದು ನೀರು ಬೆರೆಸಿ ಬಲವನ್ನು ಅರ್ಧಕ್ಕಿಳಿಸಿದರೆ ಬಾಳಿಕೆ ಹೆಚ್ಚು. ಸವಳು ಕೊಳವೆಬಾವಿಯ ನೀರನ್ನು ಇದಕ್ಕೆ ಬಳಸಬಾರದು. ಕೆಡುವಾಗ ಆಮ್ಲಜನಕ ಹೊರಬರುವುದರಿಂದ ಕ್ಯಾನಿನ ಮುಚ್ಚಳ ಗಾಳಿಯಾಡುವಂಥದ್ದಿರಬೇಕು. ಬಿಗಿಯಾಗಿ ಮುಚ್ಚಿದ ಕ್ಯಾನ್ ಉಬ್ಬಿ ಒಡೆದ ಉದಾಹರಣೆಗಳಿವೆ. ಕಬ್ಬಿಣ, ಹಿತ್ತಾಳೆ, ತಾಮ್ರದ ಪಾತ್ರೆ ಮತ್ತು ಲಾಳಿಕೆಗಳು ನಿಷಿದ್ಧ.

ಕ್ಲೋರಿನ್ ಸಿಲಿಂಡರುಗಳು

ಅಮ್ಮಿನಭಾವಿಯಂತಹ ದೊಡ್ಡ ಶುದ್ಧೀಕರಣ ಕೇಂದ್ರಗಳಿಗೆ ಸಂಬಂಧಿಸಿದ ಈ ವಿಷಯ ಸಣ್ಣ ವ್ಯಾಪಾರಸ್ಥರಿಗೆ ಅಷ್ಟಾಗಿ ಬೇಡವೆನಿಸಬಹುದು. ಆದರೆ ಸಾಗಣೆ, ಗುಜರಿ ಮತ್ತು ವೆಲ್ಡಿಂಗ್ ವ್ಯವಹಾರದವರಿಗೆ ಇದು ಬೇಕು.

ಒಂದು ಪಾಲು ದ್ರವ ಕ್ಲೋರಿನ್ ಹೊರಬಂದರೆ ಸುಮಾರು 460 ಪಾಲು ಅನಿಲವಾಗುತ್ತದೆ. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ತಗ್ಗು, ಗಟಾರು, ನೆಲಮಾಳಿಗೆಗಳಲ್ಲಿ ನಿಲ್ಲುತ್ತದೆ. 900 ಕಿಲೋಗ್ರಾಂ ಅನಿಲ ಹಿಡಿಯುವ ‘ಟನ್ನರ್’ ಪಾತ್ರೆಗಳ ಎರಡು ತುದಿಗಳಲ್ಲಿ ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಲೋಹದ ಬಿರಡೆಗಳಿರುತ್ತವೆ. ಬೆಂಕಿಯ ಸನಿಹ ಅವು ಕರಗಿ ಅನಿಲ ಹೊರಡುತ್ತದೆ. ನೆರೆಯ ಸಂದರ್ಭದಲ್ಲಿ ತುಂಬಿದ ಟನ್ನರ್ ಮುಳುಗಿಯೇ ಇರುತ್ತದೆ, ಖಾಲಿಯಾದದ್ದು ತೇಲುತ್ತದೆ. ತೇಲಿದ ಪಾತ್ರೆ ಕೊಳವೆಯ ಜೋಡಣೆಯನ್ನು ಕಿತ್ತುಹಾಕಬಲ್ಲದು. ಆದ್ದರಿಂದ ಖಾಲಿ ಪಾತ್ರೆಗಳನ್ನೂ ಸರಪಳಿಯಿಂದ ನೆಲಕ್ಕೆ ಬಿಗಿದು, ಕವಾಟಕ್ಕೆ ಟೊಪ್ಪಿ ಹಾಕಿರಬೇಕು. ಸೋರುತ್ತಿರುವ ಜಾಗಕ್ಕೆ ನೀರು ಹೊಡೆಯುವುದು ಜನರು ಮಾಡುವ ಮೊದಲ ತಪ್ಪು. ತೇವದ ಕ್ಲೋರಿನ್ ಉಕ್ಕನ್ನು ಕೊರೆದು ಸಣ್ಣ ತೂತನ್ನು ದೊಡ್ಡದು ಮಾಡುತ್ತದೆ. ದ್ರವ ಸೋರುತ್ತಿದ್ದರೆ ತರಬೇತಿ ಪಡೆದವರು ಪಾತ್ರೆಯನ್ನು ಹೊರಳಿಸಿ ತೂತು ಮೇಲ್ಭಾಗಕ್ಕೆ ಬರುವಂತೆ ಮಾಡುತ್ತಾರೆ. ಆಗ ದ್ರವದ ಬದಲು ಅನಿಲ ಮಾತ್ರ ಹೊರಬಂದು ಸೋರಿಕೆಯ ಪ್ರಮಾಣ ಬಹಳ ತಗ್ಗುತ್ತದೆ. ತರಬೇತಿ ಇಲ್ಲದವರು ಹತ್ತಿರ ಹೋಗಲೇಬಾರದು.

ಮುಂಬಯಿಯ ಶಿವಡಿಯಲ್ಲಿ 2010ರ ಜುಲೈ 14ರಂದು ಬಂದರಿನ ಅಂಗಳದಲ್ಲಿ ದಶಕಕ್ಕೂ ಮೀರಿ ವಾರಸುದಾರರಿಲ್ಲದೆ ಬಿದ್ದಿದ್ದ ಹಳೆಯ ಸಿಲಿಂಡರ್ ಸೋರಿ ಬಹಳಷ್ಟು ಜನ ಆಸ್ಪತ್ರೆ ಸೇರಿದರು. 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ಗುಜರಿಗೆ ಬಂದ ಹಳೆಯ ಸಿಲಿಂಡರ್‌ನಿಂದ ಕ್ಲೋರಿನ್ ಹೊರಬಂದು ಹತ್ತಾರು ಜನ ಅಸ್ವಸ್ಥರಾದರು. ನೆರೆ ಇಳಿದ ಮೇಲೆ ಹಳ್ಳದ ದಡದಲ್ಲಿ, ಹೊಲದಲ್ಲಿ ಸಿಕ್ಕ ಯಾವುದೇ ಸಿಲಿಂಡರನ್ನು ಕಬ್ಬಿಣದ ತೂಕಕ್ಕೆ ಕೊಳ್ಳುವ ಆಸೆಯನ್ನು ಗುಜರಿ ವ್ಯಾಪಾರಸ್ಥರು ಬಿಡಬೇಕು. ಹಳದಿ ಬಣ್ಣದ, ಪರಿಚಯವಿಲ್ಲದ ಪಾತ್ರೆ ಕಂಡರೆ ಅದನ್ನು ಮುಟ್ಟದೆ ಅಗ್ನಿಶಾಮಕ ಠಾಣೆಗೆ ತಿಳಿಸುವುದೇ ಸರಿಯಾದ ಕ್ರಮ.

ಹಳ್ಳ ಏರುವ ಹೊತ್ತು

ಮಳೆಯ ಮುನ್ಸೂಚನೆ ಬಂದ ದಿನವೇ ಮಾಡಬೇಕಾದ ಕೆಲಸಗಳನ್ನು ನೀರು ಅಂಗಳಕ್ಕೆ ಬಂದ ಮೇಲೆ ಮಾಡಲು ಹೋಗಬಾರದು. ಸ್ಥಳಾಂತರದಲ್ಲಿ ಬ್ಲೀಚಿಂಗ್ ಪುಡಿ, ಟಿಸಿಸಿಎ ಮತ್ತು ಕ್ಲೋರಿನ್ ಮಾತ್ರೆಗಳಿಗೆ ಮೊದಲ ಸ್ಥಾನ. ಅವುಗಳನ್ನು ಆಸಿಡ್ ಇರುವ ಅಟ್ಟದ ಕೆಳಗೆ ಇಡಬಾರದು. ಮೇಲಿನಿಂದ ಒಂದು ಬಾಟಲಿ ಬಿದ್ದರೆ ಶ್ರಮವೆಲ್ಲ ವ್ಯರ್ಥ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಕಾಳು, ಹಿಟ್ಟು, ದನದ ಹಿಂಡಿಯೊಡನೆ ಒಟ್ಟಿಗೆ ಸಾಗಿಸುವುದು ಬೇಡ.

ಹಮಾಲರ ವಿಷಯ ಇಲ್ಲಿ ಪ್ರತ್ಯೇಕವಾಗಿ ಹೇಳತಕ್ಕದ್ದು. ಮಳೆಯಲ್ಲಿ ನೆನೆದ, ಬೆವರಿದ ಬರಿ ಬೆನ್ನಿನ ಮೇಲೆ ಸೋರುವ ಬ್ಲೀಚಿಂಗ್ ಚೀಲ ಹೊತ್ತರೆ ಚರ್ಮ ಸುಡುತ್ತದೆ. ಅವಸರದ ಆ ರಾತ್ರಿ ಅದು ಯಾರಿಗೂ ತಿಳಿಯುವುದಿಲ್ಲ. ಮರುದಿನ ಬೊಬ್ಬೆ ಏಳುತ್ತದೆ. ಬೆನ್ನಿಗೆ ಪ್ಲಾಸ್ಟಿಕ್ ಹಾಳೆ, ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇಷ್ಟನ್ನಾದರೂ ಮಳೆಗಾಲಕ್ಕೆ ಮುನ್ನ ತಂದಿಡುವುದು ಮಾಲೀಕನ ಹೊಣೆ. ಬಾಯಿಗೆ ಕಟ್ಟಿದ ಬಟ್ಟೆ ಧೂಳನ್ನು ತಡೆದೀತು, ಅನಿಲವನ್ನಲ್ಲ.

ಒದ್ದೆಯಾದ ಚೀಲಗಳನ್ನು ಮುಚ್ಚಿದ ಕೋಣೆಗೆ ಹಿಂದಿರುಗಿಸಬಾರದು. ಬಿಗಿಯಾದ ಡ್ರಮ್ಮಿಗೆ ತುಂಬಲೂ ಬಾರದು. ಬಯಲಿನಲ್ಲಿ, ಜನ ಮತ್ತು ದನಗಳಿಂದ ದೂರ, ಗಾಳಿಯಾಡುವಲ್ಲಿ ಬೇರೆ ಬೇರೆ ಇಡಬೇಕು. ಕೈ ಮುಟ್ಟಿದರೆ ಬಿಸಿಯೆನಿಸುವ, ಹೊಗೆಯಾಡುವ ಚೀಲವಿದ್ದರೆ ಹೇರಳ ನೀರು ಹಾಕಬೇಕು. ಅಂಗಡಿಗಳಲ್ಲಿ ಸಾಮಾನ್ಯವಾಗಿ ತೂಗುಹಾಕಿರುವ ಎಬಿಸಿ ಮಾದರಿಯ ಒಣ ಪುಡಿಯ ಅಗ್ನಿಶಾಮಕವನ್ನು ಇದಕ್ಕೆ ಬಳಸಬಾರದು. ಅದರಲ್ಲಿರುವುದು ಮೋನೋ ಅಮೋನಿಯಂ ಫಾಸ್ಫೇಟ್. ಗೊಬ್ಬರದೊಡನೆ ಆಗುವ ಅನಾಹುತವೇ ಇಲ್ಲಿಯೂ ಆಗುತ್ತದೆ. ಬ್ಲೀಚಿಂಗ್ ಕೋಣೆಯ ಬಾಗಿಲಿನಲ್ಲಿ ‘ನೀರು ಮಾತ್ರ’ ಎಂಬ ಫಲಕ ಹಾಕಿಸಬೇಕು.

ಅನಿಲ ಹೊರಟರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಸರಿದು ಎತ್ತರದ ಕಡೆಗೆ ಹೋಗಬೇಕು. ನೆರೆಯಲ್ಲಿ ಜನ ಆಶ್ರಯ ಪಡೆಯುವುದೂ ಎತ್ತರದಲ್ಲಿಯೇ ಆದ್ದರಿಂದ ಈ ಎರಡು ಸೂಚನೆಗಳಲ್ಲಿ ವಿರೋಧವಿಲ್ಲ. ಕಣ್ಣಿಗೆ ಬಿದ್ದರೆ 15 ನಿಮಿಷವಾದರೂ ಶುದ್ಧ ನೀರಿನಿಂದ ತೊಳೆಯುತ್ತಿರಬೇಕು. ಉಸಿರಾಟದ ತೊಂದರೆ ಕೆಲವು ಗಂಟೆ ತಡವಾಗಿ ಉಲ್ಬಣಿಸುವುದುಂಟು. ಈಗ ಹಗುರಾಗಿದೆ ಎಂದು ಮನೆಗೆ ಕಳಿಸದೆ ವೈದ್ಯರಿಗೆ ತೋರಿಸತಕ್ಕದ್ದು. ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತು ಅಗ್ನಿಶಾಮಕ ನೆರವಿಗೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077 ಸಂಖ್ಯೆಗಳನ್ನು ಗೋದಾಮಿನ ಹೊರಗೋಡೆಯ ಮೇಲೆ ಬರೆಯಿಸಬೇಕು. ಒಳಗೋಡೆಯ ಮೇಲಿದ್ದರೆ ಬೇಕಾದ ಹೊತ್ತಿಗೆ ಓದಲಾಗದು.

ವಿಮೆ ಮತ್ತು ಹಳೆಯ ಮಾಲು

2021ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಗಳಿಗಾಗಿ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ವಿಮಾ ಪಾಲಿಸಿ ಜಾರಿಗೆ ಬಂದಿದ್ದು, 5 ಕೋಟಿ ರೂಪಾಯಿಗಳವರೆಗಿನ ಆಸ್ತಿಗೆ ಬೆಂಕಿಯ ಜೊತೆಗೆ ನೆರೆ ಹಾವಳಿಯ ರಕ್ಷಣೆಯನ್ನೂ ಒದಗಿಸುತ್ತದೆ. ಆದರೆ ಪ್ರಸ್ತಾವ ಪತ್ರದಲ್ಲಿ ‘ಕಿರಾಣಿ’ ಅಥವಾ ‘ಬೀಜ–ಗೊಬ್ಬರ’ ಎಂದಷ್ಟೇ ಬರೆದು ಬ್ಲೀಚಿಂಗ್ ಪುಡಿಯ ದಾಸ್ತಾನನ್ನು ತಿಳಿಸದೆ ಇದ್ದಲ್ಲಿ, ಹಾನಿಯ ಕಾಲಕ್ಕೆ ಸರ್ವೇಯರ್ ಅದನ್ನೇ ಹಿಡಿದು ತಕರಾರು ತೆಗೆಯುವ ಸಂಭವವಿದೆ. ಪ್ರೀಮಿಯಂನಲ್ಲಿ ಉಳಿಸುವ ಅಲ್ಪ ಹಣಕ್ಕಾಗಿ ಇಡೀ ಗೋದಾಮಿನ ಹಕ್ಕನ್ನು ಒತ್ತೆಯಿಡುವುದು ವ್ಯಾಪಾರದ ಲೆಕ್ಕದಲ್ಲಿಯೂ ಜಾಣತನವೆನಿಸದು. ದಾಸ್ತಾನು ಪುಸ್ತಕ ಮತ್ತು ಖರೀದಿ ಬಿಲ್ಲುಗಳ ಪ್ರತಿಯನ್ನು ಗೋದಾಮಿನಿಂದ ಬೇರೆಡೆ ಇಟ್ಟಿರಬೇಕು.

ಮಳೆಗಾಲ ಮುಗಿದು ನವೆಂಬರ್ ಹೊತ್ತಿಗೆ ಉಳಿದ ಬ್ಲೀಚಿಂಗ್ ಪುಡಿಯನ್ನು ಬರುವ ವರ್ಷಕ್ಕೆ ಎಂದು ಕಟ್ಟಿಡುವ ಪದ್ಧತಿಯಿದೆ. ಆ ಮಾಲಿನ ಸತ್ವವನ್ನು ಮೇಲೆ ಹೇಳಿದಂತೆ ಪರೀಕ್ಷಿಸಿ, ಶೇ. 20ಕ್ಕಿಂತ ಕೆಳಗಿಳಿದಿದ್ದರೆ ಚೀಲದ ಮೇಲೆ ‘ಕುಡಿಯುವ ನೀರಿಗಲ್ಲ’ ಎಂದು ಬರೆದು, ಚರಂಡಿ ಮತ್ತು ದನದ ಕೊಟ್ಟಿಗೆಗಳ ಶುಚಿತ್ವಕ್ಕೆಂದು ಕಡಿಮೆ ದರದಲ್ಲಿ ವಿಲೇವಾರಿ ಮಾಡುವುದು ಸೂಕ್ತ. ನೆನೆದು ಗಟ್ಟಿಯಾದದ್ದನ್ನು ಹಳ್ಳಕ್ಕೋ ಕೆರೆಗೋ ಚೆಲ್ಲಬಾರದು, ಮೀನುಗಳು ಸಾಯುತ್ತವೆ. ಅದನ್ನು ಸ್ವಲ್ಪಸ್ವಲ್ಪವಾಗಿ ಬಯಲಿನಲ್ಲಿ ಪ್ಲಾಸ್ಟಿಕ್ ಬಾನಿಯ ತುಂಬು ನೀರಿಗೆ ಹಾಕಿ ಕರಗಿಸಿ, ಘಾಟು ಹೋಗುವವರೆಗೆ ಬಿಸಿಲಿನಲ್ಲಿ ಬಿಟ್ಟು, ನಂತರ ಚರಂಡಿಗೆ ಬಿಡಬಹುದು. ಯಾವಾಗಲೂ ನೀರಿಗೆ ಪುಡಿಯನ್ನು ಹಾಕಬೇಕೇ ಹೊರತು ಪುಡಿಯ ಮೇಲೆ ನೀರನ್ನು ಸುರಿಯಬಾರದು. ಖಾಲಿ ಚೀಲಗಳನ್ನು ತೊಳೆದು ಹರಿದುಹಾಕಬೇಕು. ಅವುಗಳಲ್ಲಿ ಕಾಳು ತುಂಬುವುದಕ್ಕೆ ಯಾರಿಗೂ ಕೊಡಬಾರದು.